ಎರಡನೆಯ ದನಿ ಬಾರದ ಒಂದು ಪಟ್: ಡಿಸ್ಕ್ ಗಾಲ್ಫ್ ಅಂಗಳದ ಪ್ರಕರಣ ಅಧ್ಯಯನ

ಉತ್ತರ ಕ್ಯಾಲಿಫೋರ್ನಿಯಾದ ಒಂದು ಸಾರ್ವಜನಿಕ ಉದ್ಯಾನದಲ್ಲಿ, ಅಕ್ಟೋಬರ್ ತಿಂಗಳ ಒಂದು ಶನಿವಾರ ಬೆಳಿಗ್ಗೆ, ಸುಮಾರು ಎಂಟು ಮೀಟರ್ ದೂರದಿಂದ ಎಸೆಯಲಾದ ಒಂದು ಪಟ್ ಈ ಅಧ್ಯಯನದ ವಸ್ತು. ಡಿಸ್ಕ್ ಬಾಸ್ಕೆಟ್‌ನ ಸರಪಳಿಗೆ ಬಡಿದು ಒಳಗೆ ಬಿತ್ತು. ಎಸೆದವರ ಕಾಲು ಮಾತ್ರ ಇರಬೇಕಾದಲ್ಲಿ ಇರಲಿಲ್ಲ. ಆಡುತ್ತಿದ್ದವರು ನಾಲ್ವರು. ತಪ್ಪನ್ನು ಒಬ್ಬ ಹೇಳಿದ, ತಪ್ಪು ಮಾಡಿದವರು ಕೇಳಿಸಿಕೊಂಡರು, ಉಳಿದ ಇಬ್ಬರು ಕಾಣಲಿಲ್ಲವೆಂದರು. ಆ ಇಬ್ಬರಲ್ಲಿ ನಾನೂ ಒಬ್ಬ. ವಾರದ ಲೀಗಿನ ಲೆಕ್ಕಪತ್ರ ನೋಡಿಕೊಳ್ಳುವ ಸ್ವಯಂಸೇವಕನೂ ನಾನೇ ಆಗಿದ್ದುದರಿಂದ, ಅನಂತರ ಮೂವರೊಂದಿಗೂ ಪ್ರತ್ಯೇಕವಾಗಿ ಕುಳಿತು ಮಾತನಾಡುವ ಹೊಣೆ ನನ್ನ ಮೇಲೆ ಬಿತ್ತು. ಆ ಮಾತುಕತೆಗಳಿಂದ ತಿಳಿದುದನ್ನು ಮತ್ತು ಅನಂತರ ಲೀಗಿನಲ್ಲಿ ಮಾಡಿಕೊಂಡ ಬದಲಾವಣೆಗಳನ್ನು ಇಲ್ಲಿ ದಾಖಲಿಸಿದ್ದೇನೆ. ಯಾರ ಹೆಸರನ್ನೂ, ಲೀಗಿನ ಹೆಸರನ್ನೂ ಹೇಳುವುದಿಲ್ಲ.

ಆಟದ ಪರಿಚಯ ಇಲ್ಲದ ಓದುಗರಿಗಾಗಿ ಒಂದೆರಡು ಮಾತು. ಗಾಲ್ಫಿನಲ್ಲಿ ಚೆಂಡನ್ನು ಕುಳಿಗೆ ಹೊಡೆಯುವಂತೆ ಇಲ್ಲಿ ಪ್ಲಾಸ್ಟಿಕ್ಕಿನ ಡಿಸ್ಕನ್ನು ಟೀ ಎಂಬ ಆರಂಭದ ಕಟ್ಟೆಯಿಂದ ಎಸೆಯುತ್ತ ಹೋಗಿ, ಸರಪಳಿಗಳು ಇಳಿಬಿದ್ದಿರುವ ಕಬ್ಬಿಣದ ಬಾಸ್ಕೆಟ್‌ನೊಳಗೆ ಬೀಳಿಸಬೇಕು. ಕಡಿಮೆ ಎಸೆತಗಳಲ್ಲಿ ಹದಿನೆಂಟು ಬಾಸ್ಕೆಟ್‌ಗಳನ್ನು ಮುಗಿಸಿದವರು ಗೆದ್ದಂತೆ. ಬಾಸ್ಕೆಟ್‌ನ ಹತ್ತಿರದಿಂದ ಎಸೆಯುವ ಕೊನೆಯ ಎಸೆತಕ್ಕೆ ಪಟ್ ಎನ್ನುತ್ತಾರೆ. ಫ್ರಿಸ್ಬಿ ತಯಾರಿಸುತ್ತಿದ್ದ ವ್ಯಾಮ್-ಓ ಕಂಪನಿಯಲ್ಲಿ ಕೆಲಸ ಮಾಡಿದ್ದ, ‘ಸ್ಟೆಡಿ’ ಎಂಬ ಅಡ್ಡಹೆಸರಿನ ಎಡ್ ಹೆಡ್ರಿಕ್ ಈ ಆಟಕ್ಕೆ ರೂಪ ಕೊಟ್ಟವರು. ಮೊದಲ ಶಾಶ್ವತ ಅಂಗಳ 1975ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಉದ್ಯಾನದಲ್ಲಿ ಆಯಿತು. ಮರುವರ್ಷ ಅವರೇ ವೃತ್ತಿಪರ ಡಿಸ್ಕ್ ಗಾಲ್ಫ್ ಸಂಘವನ್ನು, ಅಂದರೆ ಇಂದು ಎಲ್ಲರೂ ಪಿಡಿಜಿಎ ಎಂದು ಕರೆಯುವ ಸಂಸ್ಥೆಯನ್ನು ಆರಂಭಿಸಿದರು. ಅಮೆರಿಕದ ಬಹುಪಾಲು ಅಂಗಳಗಳು ಇಂದಿಗೂ ಊರಿನ ಉದ್ಯಾನಗಳಲ್ಲಿವೆ, ಅವುಗಳಲ್ಲಿ ಹೆಚ್ಚಿನವುಗಳಿಗೆ ಪ್ರವೇಶ ಶುಲ್ಕವೂ ಇಲ್ಲ. ಒಂದು ಡಿಸ್ಕ್ ಕೈಯಲ್ಲಿದ್ದರೆ ಯಾರು ಬೇಕಾದರೂ ಬಂದು ಆಡಬಹುದಾದ ಈ ಮುಕ್ತತೆಯೇ ನನ್ನಂಥ ಪರದೇಶಿಯನ್ನು ಈ ಆಟಕ್ಕೆ ಎಳೆದದ್ದು.

ಪ್ರಕರಣಕ್ಕೆ ಸಂಬಂಧಿಸಿದ ನಿಯಮಗಳನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ. ಡಿಸ್ಕ್ ನೆಲದ ಮೇಲೆ ಎಲ್ಲಿ ನಿಂತಿತೋ ಅಲ್ಲಿ ಒಂದು ಗುರುತಿನ ಡಿಸ್ಕನ್ನು ಇಟ್ಟು, ಇಲ್ಲವೇ ಆ ಡಿಸ್ಕನ್ನೇ ಗುರುತಾಗಿ ಬಿಟ್ಟು, ಅದರ ಹಿಂದೆ ನಿಂತು ಮುಂದಿನ ಎಸೆತವನ್ನು ಎಸೆಯಬೇಕು. ದೂರದ ಎಸೆತದಲ್ಲಿ, ಡಿಸ್ಕ್ ಕೈಬಿಟ್ಟ ಮೇಲೆ, ಓಟದ ರಭಸಕ್ಕೆ ಗುರುತನ್ನು ದಾಟಿ ಮುಂದೆ ಹೋದರೆ ತಪ್ಪಿಲ್ಲ. ಆದರೆ ಬಾಸ್ಕೆಟ್‌ನಿಂದ ಹತ್ತು ಮೀಟರ್ ವೃತ್ತದ ಒಳಗೆ ಈ ರಿಯಾಯಿತಿ ಇಲ್ಲ: ಎಸೆದ ಮೇಲೆ ಗುರುತಿನ ಹಿಂದೆಯೇ ನಿಂತು, ದೇಹದ ಸಮತೋಲ ಪೂರ್ತಿಯಾಗಿ ತನ್ನ ಹಿಡಿತದಲ್ಲಿದೆ ಎಂಬುದನ್ನು ತೋರಿಸಿ, ಅನಂತರವೇ ಮುಂದಕ್ಕೆ ಹೆಜ್ಜೆ ಇಡಬೇಕು. ಮುಗ್ಗರಿಸಿ ಮುಂದೆ ಬಂದರೆ ಒಂದು ಎಸೆತದ ದಂಡ. ಬಾಸ್ಕೆಟ್‌ನ ಕಡೆಗೆ ದೇಹವನ್ನು ಬಾಗಿಸಿ ಅರ್ಧ ಅಡಿಯಷ್ಟು ದೂರವನ್ನು ಯಾರೂ ಕದಿಯಬಾರದೆಂಬುದು ಇದರ ಉದ್ದೇಶ. ಇನ್ನೊಂದು ನಿಯಮ ಸಮಯದ್ದು: ತನ್ನ ಸರದಿ ಬಂದು, ಮುಂದಿನ ದಾರಿ ತೆರವಾದ ಮೇಲೆ ಮೂವತ್ತು ಸೆಕೆಂಡಿನೊಳಗೆ ಎಸೆಯಬೇಕು, ಮೊದಲ ಸಲ ತಪ್ಪಿದರೆ ಎಚ್ಚರಿಕೆ, ಮತ್ತೆ ತಪ್ಪಿದರೆ ದಂಡ.

ಇವನ್ನೆಲ್ಲ ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗೆ ಈ ಆಟ ಕೊಡುವ ಉತ್ತರ ವಿಶಿಷ್ಟವಾದುದು. ದೊಡ್ಡ ಪಂದ್ಯಗಳನ್ನು ಬಿಟ್ಟರೆ ಅಂಪೈರ್ ಇರುವುದಿಲ್ಲ. ಒಟ್ಟಿಗೆ ಆಡುವ ಗುಂಪನ್ನು ಕಾರ್ಡ್ ಎನ್ನುತ್ತಾರೆ. ಆ ಕಾರ್ಡಿನ ಮೂರು ನಾಲ್ಕು ಆಟಗಾರರೇ ಪರಸ್ಪರರಿಗೆ ತೀರ್ಪುಗಾರರು. ಒಬ್ಬ ತಪ್ಪನ್ನು ಕಂಡು ಕೂಡಲೇ ಹೇಳಬೇಕು, ಅದನ್ನು ಕಾರ್ಡಿನ ಇನ್ನೊಬ್ಬ ದೃಢಪಡಿಸಬೇಕು. ಆಗ ಮಾತ್ರ ದಂಡ ಜಾರಿಯಾಗುತ್ತದೆ. ಅಂಗಳದಲ್ಲಿ ಇದನ್ನು ‘ಕಾಲ್’ ಮತ್ತು ‘ಸೆಕೆಂಡ್’ ಎನ್ನುತ್ತಾರೆ. ಬೇರೆಯವರು ಎಸೆಯುವಾಗ ಗಮನವಿಟ್ಟು ನೋಡುವುದನ್ನು ನಿಯಮಗಳು ಸೌಜನ್ಯದ ಭಾಗವಾಗಿಯೇ ಎಣಿಸುತ್ತವೆ. ದಾರಿ ತಪ್ಪಿದ ಡಿಸ್ಕನ್ನು ಹುಡುಕಲು ನೆರವಾಗಲಿ ಎಂಬುದು ಅದಕ್ಕೊಂದು ಕಾರಣ, ನಿಯಮಪಾಲನೆ ಖಚಿತವಾಗಲಿ ಎಂಬುದು ಇನ್ನೊಂದು. ಎರಡೂ ಕಾರಣಗಳು ಒಂದೇ ಉಸಿರಿನಲ್ಲಿ ಬರುತ್ತವೆ ಎಂಬುದನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕೆಂದು ಕೋರುತ್ತೇನೆ, ಏಕೆಂದರೆ ಅನುಭವಿಗಳಾದ ನಾವು ಮೊದಲನೆಯದನ್ನು ಶ್ರದ್ಧೆಯಿಂದ ಪಾಲಿಸಿ ಎರಡನೆಯದನ್ನು ಕೈಬಿಟ್ಟಿದ್ದೆವು.

ನಾಲ್ವರು

ಅಂದು ಋತುವಿನ ಕೊನೆಯ ಸುತ್ತು. ನಮ್ಮ ಲೀಗಿನಲ್ಲಿ ಪ್ರತಿಯೊಬ್ಬರ ಚೀಲಕ್ಕೂ ಒಂದು ಅಂಕಿಯ ಬಿಲ್ಲೆ ತೂಗುತ್ತದೆ. ವಾರವಾರದ ಫಲಿತಾಂಶದಂತೆ ಬಿಲ್ಲೆಗಳು ಕೈ ಬದಲಾಗುತ್ತವೆ. ವರ್ಷದ ಕೊನೆಗೆ ಒಂದನೆಯ ಅಂಕಿ ಯಾರ ಚೀಲದಲ್ಲಿ ಉಳಿಯುತ್ತದೋ ಅವರಿಗೆ ಚಳಿಗಾಲ ಪೂರ್ತಿ ಅದನ್ನು ತೂಗಿಸಿಕೊಂಡು ತಿರುಗುವ ಹೆಮ್ಮೆ. ಹಣದ ಲೆಕ್ಕದಲ್ಲಿ ಅದಕ್ಕೆ ಬೆಲೆಯಿಲ್ಲ. ಹಾಗೆಂದು ಅದನ್ನು ಹಗುರವಾಗಿ ನೋಡಿದವರನ್ನು ನಾನು ನಮ್ಮಲ್ಲಿ ಕಂಡಿಲ್ಲ.

ನಮ್ಮ ಕಾರ್ಡಿನಲ್ಲಿ ಇದ್ದವರಲ್ಲಿ ಮೊದಲನೆಯವರನ್ನು ಹಿರಿಯರು ಎಂದು ಕರೆಯುತ್ತೇನೆ. ನಿವೃತ್ತ ಶಿಕ್ಷಕರು, ಎಪ್ಪತ್ತರ ದಶಕದ ಕೊನೆಯಿಂದ, ಬಾಸ್ಕೆಟ್‌ಗಳು ಬರುವ ಮೊದಲು ಮರಗಳನ್ನೇ ಗುರಿಯಾಗಿಟ್ಟುಕೊಂಡು ಆಡಿದವರು. ಎರಡನೆಯವರು ಲೀಗಿನ ಅತ್ಯಂತ ಪರಿಣತ ಆಟಗಾರರು. ಮೂವತ್ತರ ಹರೆಯ, ಪಕ್ಕದ ಕೌಂಟಿಗಳ ಪಂದ್ಯಗಳಲ್ಲೂ ಹೆಸರು ಮಾಡಿದವರು. ಮೂರನೆಯವನು ದಾವಣಗೆರೆಯ ಕಡೆಯ ಯುವಕ, ಎರಡನೆಯ ವರ್ಷದ ಆಟಗಾರ. ಕನ್ನಡ ಕೂಟದ ಯುಗಾದಿಯ ಊಟದಲ್ಲಿ ಪರಿಚಯವಾಗಿ, ನನ್ನ ಹಳೆಯ ಪಟರ್ ಡಿಸ್ಕನ್ನು ಕೈಗೆ ಕೊಟ್ಟು ಅವನನ್ನು ಅಂಗಳಕ್ಕೆ ಕರೆತಂದವನು ನಾನೇ. ಚಿಕ್ಕಂದಿನಿಂದ ಕ್ರಿಕೆಟ್ಟಿನಲ್ಲಿ ಬೌಂಡರಿಯಿಂದ ವಿಕೆಟ್‌ಗೆ ಎಸೆದು ಪಳಗಿದ ಭುಜ ಅವನದು. ಒಂದೂವರೆ ವರ್ಷದಲ್ಲಿ ನನ್ನನ್ನು ಹಿಂದೆ ಹಾಕಿದ. ನಾಲ್ಕನೆಯವನು ನಾನು, ಆ ದಿನ ಗೆಲ್ಲುವ ಸಾಲಿನಲ್ಲಿ ಇರಲಿಲ್ಲ, ಕಾರ್ಡಿನ ಅಂಕ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ಹದಿನೈದು ಬಾಸ್ಕೆಟ್ ಮುಗಿದಾಗ ಪರಿಣತರೂ ಯುವಕನೂ ಸಮಸಮ ನಿಂತಿದ್ದರು. ಹದಿನಾರನೆಯದು ಇಳಿಜಾರಿನ ಬಾಸ್ಕೆಟ್. ಓಕ್ ಮರಗಳ ಕೆಳಗೆ ಒಣ ಎಲೆ ಹಾಸಿಕೊಂಡಿರುತ್ತದೆ, ಅಕ್ಟೋಬರಿನಲ್ಲಿ ಮಳೆ ಇನ್ನೂ ಬಂದಿರುವುದಿಲ್ಲವಾದ್ದರಿಂದ ಕಾಲು ಜಾರುವುದು ಸಹಜ. ಯುವಕ ಮೊದಲು ಪಟ್ ಮಾಡಿ ಮುಗಿಸಿದ್ದ. ಪರಿಣತರ ಡಿಸ್ಕ್ ಮೇಲುಗಡೆಗೆ, ಬಾಸ್ಕೆಟ್‌ನಿಂದ ಎಂಟು ಮೀಟರ್ ದೂರದಲ್ಲಿತ್ತು. ಹತ್ತು ಮೀಟರ್ ವೃತ್ತದ ಒಳಗೇ ಇತ್ತೆಂಬುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಅವರು ಇಳಿಜಾರಿಗೆ ಮುಖ ಮಾಡಿ, ಒಂದು ಕಾಲಿನ ಮೇಲೆ ಭಾರ ಹಾಕಿ, ಮುಂದಕ್ಕೆ ಬಾಗಿ ಎಸೆದರು. ಡಿಸ್ಕ್ ಸರಪಳಿಯನ್ನು ಮುಟ್ಟುವ ಹೊತ್ತಿಗೆ ಅವರ ಹಿಂದಿನ ಕಾಲು ಗುರುತನ್ನು ದಾಟಿ ಒಂದು ಗೇಣು ಮುಂದೆ ಊರಿತ್ತು. ಅವರು ನಿಂತು ಸಮತೋಲ ತೋರಿಸಲಿಲ್ಲ. ಬೀಳದಿರಲೆಂದು ಹೆಜ್ಜೆ ಇಟ್ಟರು. ನಾನು ಎಡಬದಿಗೆ ಐದಾರು ಹೆಜ್ಜೆಯ ದೂರದಲ್ಲಿದ್ದೆ. ಸ್ಪಷ್ಟವಾಗಿ ಕಂಡೆ.

ಯುವಕ ಕೂಡಲೇ, ದನಿ ಎತ್ತದೆ, ಸಮತೋಲ ತಪ್ಪಿತೆಂದು ಕಾಲ್ ಮಾಡುತ್ತಿರುವುದಾಗಿ ಇಂಗ್ಲಿಷಿನಲ್ಲಿ ಹೇಳಿದ. ಪರಿಣತರು ತಿರುಗಿ, ಯಾರಾದರೂ ಸೆಕೆಂಡ್ ಮಾಡುತ್ತೀರಾ ಎಂದು ಕೇಳಿದರು. ಹಿರಿಯರು ಬಗ್ಗಿ ಚೀಲ ಎತ್ತಿಕೊಳ್ಳುತ್ತ, ತಮಗೆ ಕಾಣಲಿಲ್ಲ ಎಂದರು. ಯುವಕ ನನ್ನ ಕಡೆ ನೋಡಿದ. ನಾನು ಫೋನಿನಲ್ಲಿ ಅಂಕ ಬರೆಯುತ್ತಿದ್ದೆ, ಗಮನಿಸಲಿಲ್ಲ ಎಂದೆ. ಅದು ಸುಳ್ಳು. ಸೆಕೆಂಡ್ ಸಿಗದ ಕಾಲ್ ಬಿದ್ದುಹೋಯಿತು. ಪರಿಣತರ ಹೆಸರಿನ ಮುಂದೆ ನಾನು ಮೂರು ಎಂದು ಬರೆದೆ.

ಹದಿನೇಳನೆಯ ಟೀಯಲ್ಲಿ ಯುವಕ ಎಸೆಯುವ ಮೊದಲು ಹೆಚ್ಚು ಹೊತ್ತು ನಿಂತ. ಮನಸ್ಸು ಕದಡಿತ್ತು ಎಂಬುದು ಭುಜದಲ್ಲೇ ಕಾಣುತ್ತಿತ್ತು. ಮೂವತ್ತು ಸೆಕೆಂಡ್ ಮೀರಿತೆಂದು ಪರಿಣತರು ಕಾಲ್ ಮಾಡಿದರು, ಹಿರಿಯರು ಕೈಗಡಿಯಾರ ನೋಡಿ ಸೆಕೆಂಡ್ ಮಾಡಿದರು. ನಿಯಮದಂತೆ ಎಚ್ಚರಿಕೆ ದಾಖಲಾಯಿತು. ಸಮಯ ನಿಜವಾಗಿಯೂ ಮೀರಿತ್ತು. ಆ ಕಾಲ್‌ನಲ್ಲಿ ತಾಂತ್ರಿಕವಾಗಿ ದೋಷವಿಲ್ಲ. ಆದರೆ ಅದೇ ಲೀಗಿನಲ್ಲಿ ಆ ವರ್ಷ ಸಮಯದ ಕಾಲ್ ಮಾಡಿದವರನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ, ಹಿರಿಯರು ಸೆಕೆಂಡ್ ಮಾಡಿದ್ದನ್ನಂತೂ ಎಂದೂ ಕಂಡಿರಲಿಲ್ಲ.

ಹದಿನೆಂಟರಲ್ಲಿ ಯುವಕನ ಮೊದಲ ಎಸೆತ ಬಲಕ್ಕೆ ತಿರುಗಿ ಪಾಯ್ಸನ್ ಓಕ್ ಪೊದೆಗಳ ನಡುವೆ ಬಿತ್ತು. ಮೈಗೆ ತಾಗಿದರೆ ವಾರಗಟ್ಟಲೆ ಗುಳ್ಳೆ ಏಳಿಸುವ ಗಿಡ ಅದು. ಡಿಸ್ಕ್ ಹುಡುಕಲು ಇರುವ ಸಮಯ ಮೂರು ನಿಮಿಷ. ಪರಿಣತರು ತಮ್ಮ ಗುರುತಿನ ಬಳಿಯೇ ನಿಂತರು. ಪೊದೆಯೊಳಗೆ ಮೊದಲು ನುಗ್ಗಿದವರು ಹಿರಿಯರು; ಎರಡನೆಯ ನಿಮಿಷದಲ್ಲಿ ಡಿಸ್ಕನ್ನು ಕಂಡುಹಿಡಿದು ಕೂಗಿ ಕರೆದವರೂ ಅವರೇ. ಆ ವಾರವೆಲ್ಲ ಅವರ ಮುಂಗೈ ಕೆಂಪಾಗಿತ್ತು. ಇದನ್ನು ಇಲ್ಲಿ ದಾಖಲಿಸದಿದ್ದರೆ ಪ್ರಕರಣ ಅಪೂರ್ಣವಾಗುತ್ತದೆ, ಏಕೆಂದರೆ ಎರಡು ಬಾಸ್ಕೆಟ್‌ಗಳ ಹಿಂದೆ ತಪ್ಪನ್ನು ನೋಡದ ಆ ಕಣ್ಣುಗಳೇ ಇಲ್ಲಿ ಹುಡುಗನ ಡಿಸ್ಕನ್ನು ಪೊದೆಯಲ್ಲಿ ಅರಸಿದವು.

ಯುವಕ ಅಲ್ಲಿ ಒಂದು ಎಸೆತ ಹೆಚ್ಚು ತೆಗೆದುಕೊಂಡ. ಪರಿಣತರು 54, ಅವನು 55. ಹದಿನಾರನೆಯ ದಂಡ ದಾಖಲಾಗಿದ್ದರೆ ಇಬ್ಬರೂ 55ರಲ್ಲಿ ಸಮನಾಗಿ ಪ್ಲೇ-ಆಫ್, ಅಂದರೆ ಗೆದ್ದವರನ್ನು ತೀರ್ಮಾನಿಸುವ ಹೆಚ್ಚುವರಿ ಆಟ, ನಡೆಯಬೇಕಿತ್ತು. ಅವನು ಕಾರ್ಡನ್ನು ಪರಿಶೀಲಿಸಿ ಒಪ್ಪಿದ, ಎಲ್ಲರ ಕೈಕುಲುಕಿದ, ಕಾರು ಹತ್ತಿದ. ಅನಂತರ ಬಹಳ ದಿನ ಅಂಗಳದ ಕಡೆ ಬರಲಿಲ್ಲ.

ಮೂವರ ಮಾತು

ಮೊದಲು ಯುವಕನ ಮನೆಗೆ ಹೋದೆ. ಚಹಾ ಮಾಡಿ ಕೊಟ್ಟು, ಆಟದ ಮಾತನ್ನು ಅವನಾಗಿಯೇ ಎತ್ತಲಿಲ್ಲ. ನಾನು ಕೇಳಿದ ಮೇಲೆ ಹೇಳಿದ್ದು ಇಷ್ಟು: “ಅಣ್ಣ, ಒಂದು ಎಸೆತ ಹೋಯ್ತು ಅಂತ ನನಗೆ ಬೇಜಾರಿಲ್ಲ. ನೀವು ನೋಡಿದ್ರಿ. ನೀವು ನೋಡಿದ್ದನ್ನ ನಾನು ನೋಡಿದೆ.” ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮಾತು ಸೇರಿಸಿದ: ನಿಯಮದ ಪುಸ್ತಕವನ್ನು ಓದು, ತಪ್ಪು ಕಂಡರೆ ಹೆದರದೆ ಹೇಳು ಎಂದು ಮೊದಲ ತಿಂಗಳಲ್ಲಿ ಅವನಿಗೆ ಹೇಳಿಕೊಟ್ಟವನು ನಾನೇ ಎಂದು. ಅದು ನಿಜ.

ಹಿರಿಯರು ತಮ್ಮ ಹಿತ್ತಲಿನಲ್ಲಿ ಕುಳಿತು ಬಹಳ ಹೊತ್ತು ಮಾತನಾಡಿದರು. ಅವರ ಆರಂಭದ ದಿನಗಳಲ್ಲಿ ಹತ್ತು ಹನ್ನೆರಡು ಜನರ ಒಂದು ಗುಂಪು ಇತ್ತಂತೆ. ಒಂದು ಪಟ್ ವಿಷಯದಲ್ಲಿ ಒಬ್ಬನ ಮೇಲೆ ಇನ್ನೊಬ್ಬ ಕಾಲ್ ಮಾಡಿ, ಮಾತಿಗೆ ಮಾತು ಬೆಳೆದು, ಗುಂಪು ಎರಡಾಗಿ, ಇಬ್ಬರು ಗೆಳೆಯರು ಸಾಯುವವರೆಗೂ ಮಾತು ಬಿಟ್ಟರಂತೆ. ಅಂದಿನಿಂದ ಅವರು ಕಾಲಿನ ಕಡೆ ನೋಡುವುದನ್ನೇ ಬಿಟ್ಟರು. ನಾವು ನಾಲ್ಕು ಜನ ಇನ್ನೂ ಇಪ್ಪತ್ತು ವರ್ಷ ಇದೇ ಉದ್ಯಾನದಲ್ಲಿ ಮುಖ ನೋಡಿಕೊಳ್ಳಬೇಕು, ಒಂದು ಎಸೆತ ಯಾವ ಲೆಕ್ಕ ಎಂಬುದು ಅವರ ವಾದ. ಹಾಗಾದರೆ ಹದಿನೇಳರಲ್ಲಿ ಸಮಯದ ಕಾಲ್‌ಗೆ ಏಕೆ ಸೆಕೆಂಡ್ ಮಾಡಿದಿರಿ ಎಂದು ಕೇಳಿದೆ. ಅದು ಬರೀ ಎಚ್ಚರಿಕೆ, ಯಾರಿಗೂ ನಷ್ಟವಿಲ್ಲ, ಅಲ್ಲದೆ ಪರಿಣತರ ಸಿಟ್ಟು ಇಳಿಯಲಿ ಎಂದುಕೊಂಡೆ ಎಂದರು. ಹೇಳುತ್ತಿರುವಾಗಲೇ ಅವರಿಗೆ ಅದು ಸರಿಯೆನಿಸಲಿಲ್ಲ ಎಂಬುದು ಮುಖದಲ್ಲಿ ಕಂಡಿತು.

ಪರಿಣತರ ಬಳಿಗೆ ಹೋಗುವಾಗ ನಾನು ಜಗಳಕ್ಕೆ ಸಿದ್ಧನಾಗಿ ಹೋಗಿದ್ದೆ. ಅವರು ಹೇಳಿದ ಮಾತು ನನ್ನ ಸಿದ್ಧತೆಯನ್ನೆಲ್ಲ ಕೆಡವಿತು. ಡಿಸ್ಕ್ ಕೈಬಿಟ್ಟ ಕ್ಷಣದಲ್ಲಿ ತನ್ನ ಕಣ್ಣು ಸರಪಳಿಯ ಮೇಲೆ ಇರುತ್ತದೆ, ಕಾಲು ಎಲ್ಲಿ ಬಿತ್ತೆಂಬುದು ತನಗೆ ತಿಳಿಯುವುದಿಲ್ಲ, ಅದಕ್ಕಾಗಿಯೇ ಉಳಿದವರ ಕಣ್ಣುಗಳನ್ನು ನಂಬುವುದು ಎಂದರು. ಸೆಕೆಂಡ್ ಇದೆಯೇ ಎಂದು ಕೇಳಿದ್ದು ಬೆದರಿಸಲು ಅಲ್ಲ, ತಿಳಿಯಲು. ನೀವು ಹೌದು ಎಂದಿದ್ದರೆ ಮರುಮಾತಿಲ್ಲದೆ ನಾಲ್ಕು ಬರೆಸಿಕೊಳ್ಳುತ್ತಿದ್ದೆ. ಇಬ್ಬರು ಅನುಭವಿಗಳು ಕಾಣಲಿಲ್ಲ ಎಂದಾಗ ಹೊಸಬ ಸುಮ್ಮನೆ ಕಾಲು ಎಳೆಯುತ್ತಿದ್ದಾನೆ ಎಂದೇ ನಂಬಿದೆ ಎಂದರು. ಹದಿನೇಳರ ಕಾಲ್ ಸಿಟ್ಟಿನಿಂದ ಮಾಡಿದ್ದೆಂದು ಒಪ್ಪಿಕೊಂಡರು. ಹದಿನೆಂಟರಲ್ಲಿ ಹುಡುಕಲು ಬರದಿದ್ದುದಕ್ಕೆ ಅವರ ಬಳಿ ಕಾರಣ ಇರಲಿಲ್ಲ, ಹುಡುಕಬೇಕಿತ್ತು ಎಂದಷ್ಟೇ ಹೇಳಿದರು. ನಾನು ಆಗ, ಅಂದು ನನಗೆ ಕಂಡಿತ್ತು ಎಂದು ಹೇಳಿದೆ. ಅವರು ತುಂಬ ಹೊತ್ತು ಏನೂ ಹೇಳಲಿಲ್ಲ.

ನನ್ನ ಸುಳ್ಳಿನ ಕಾರಣವನ್ನೂ ಇಲ್ಲಿ ಬರೆಯಬೇಕು. ಕಾರ್ಡಿನಲ್ಲಿ ಕನ್ನಡದವರು ಇಬ್ಬರು. ನಮ್ಮವನೊಬ್ಬ ಗೆಲ್ಲುವ ಹೊತ್ತಿಗೆ, ನಮ್ಮವನ ಕಾಲ್‌ಗೆ ನಾನೇ ಸೆಕೆಂಡ್ ಮಾಡಿದರೆ ಊರಿನವರೆಲ್ಲ ಸೇರಿಕೊಂಡರು ಎಂದು ಉಳಿದವರು ಭಾವಿಸಿಯಾರು ಎಂಬ ಅಳುಕು ಒಂದು ಕ್ಷಣದಲ್ಲಿ ಬಂದುಹೋಯಿತು. ಒಂಬತ್ತು ವರ್ಷ ಆಡಿ ಸಂಪಾದಿಸಿದ ಒಳ್ಳೆಯವನೆಂಬ ಹೆಸರು ಒಂದು ಮಾತಿಗೆ ಹೋಗಬಾರದೆಂಬ ಆಸೆ ಅದರ ಹಿಂದೆ ಇತ್ತು. ಪಕ್ಷಪಾತಿ ಎನಿಸಿಕೊಳ್ಳಬಾರದೆಂಬ ಭಯಕ್ಕೆ ನಾನು ಪಕ್ಷಪಾತವನ್ನೇ ಮಾಡಿದೆ. ಬೇರೆ ಭಾಷೆಯ ಹುಡುಗ ಅದೇ ಕಾಲ್ ಮಾಡಿದ್ದರೆ ಸೆಕೆಂಡ್ ಮಾಡುತ್ತಿದ್ದೆನೆಂದು ಈಗ ನನಗೆ ಖಚಿತವಾಗಿದೆ.

ವಿಶ್ಲೇಷಣೆ

ನುರಿತ ಆಟಗಾರರ ನಡತೆಯ ಬಗ್ಗೆ ಮಾತನಾಡುವಾಗ ಸಾಮಾನ್ಯವಾಗಿ ಕಣ್ಣಿಗೆ ಬೀಳುವುದು ಸಿಟ್ಟು: ಚೀಲವನ್ನು ಒದೆಯುವುದು, ಡಿಸ್ಕನ್ನು ನೆಲಕ್ಕೆ ಕುಕ್ಕುವುದು, ಬೇರೆಯವರು ಎಸೆಯುವಾಗ ಮಾತನಾಡುವುದು. ಇವೆಲ್ಲ ಸೌಜನ್ಯದ ನಿಯಮದಲ್ಲಿ ಬರುತ್ತವೆ, ಇವುಗಳಿಗೆ ಎಚ್ಚರಿಕೆ ಮತ್ತು ದಂಡವೂ ಉಂಟು. ನಮ್ಮ ಲೀಗಿನಲ್ಲಿ ಇಂಥದು ವಿರಳ. ನಮ್ಮ ಹಳಬರು ಹೊಸಬರ ದಾರಿಗೆ ಅಡ್ಡ ನಿಲ್ಲುವುದಿಲ್ಲ, ನೆರಳು ಬೀಳದಂತೆ ಸರಿಯುತ್ತಾರೆ, ಸಿಕ್ಕ ಡಿಸ್ಕಿನ ಹಿಂದೆ ಬರೆದಿರುವ ನಂಬರಿಗೆ ಫೋನ್ ಮಾಡಿ ಮರಳಿಸುತ್ತಾರೆ. ಹೊರಗಿನಿಂದ ನೋಡಿದವರು ಇದನ್ನು ಸಜ್ಜನರ ಕೂಟ ಎನ್ನುವುದರಲ್ಲಿ ತಪ್ಪಿಲ್ಲ. ಈ ಸಜ್ಜನಿಕೆಯ ಒಳಗೇ ಬೆಳೆದಿದ್ದ ದೋಷವನ್ನು ಈ ಪ್ರಕರಣ ನನಗೆ ತೋರಿಸಿತು: ತಪ್ಪನ್ನು ಕಂಡೂ ಹೇಳದಿರುವುದನ್ನು ನಾವು ದೊಡ್ಡತನವೆಂದು ಎಣಿಸಿದ್ದೆವು, ಹೇಳುವವನನ್ನು ಚಿಕ್ಕವನೆಂದು ಎಣಿಸಿದ್ದೆವು.

ಇಲ್ಲಿ ನನಗೆ ಪದೇ ಪದೇ ನೆನಪಾಗುವುದು ಭದ್ರಾವತಿಯಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ ಅವರ ಆ ಪ್ರಸಿದ್ಧ ನಡೆ. 1980ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಇಂಗ್ಲೆಂಡ್ ವಿರುದ್ಧ ಸುವರ್ಣ ಮಹೋತ್ಸವದ ಟೆಸ್ಟ್. ವಿಶ್ವನಾಥ್ ಭಾರತದ ನಾಯಕರು. ಇಂಗ್ಲೆಂಡ್ 58 ರನ್ನಿಗೆ ಐದು ವಿಕೆಟ್ ಕಳೆದುಕೊಂಡಿತ್ತು. ಬಾಬ್ ಟೇಲರ್ ಅವರನ್ನು ಅಂಪೈರ್ ಔಟ್ ಎಂದರು; ಚೆಂಡು ಬ್ಯಾಟಿಗೆ ತಾಗಿರಲಿಲ್ಲ ಎಂದು ಮನಗಂಡ ವಿಶ್ವನಾಥ್ ಟೇಲರ್ ಅವರನ್ನು ಮರಳಿ ಕರೆದರು. ಟೇಲರ್ ಮತ್ತು ಬೋಥಮ್ ಜೊತೆಯಾಟದಲ್ಲಿ 171 ರನ್ ಬಂದವು, ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ಕನ್ನಡಿಗರು ಇಂದಿಗೂ ಆ ಸೋಲನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಆ ಔದಾರ್ಯದ ಬೆಲೆಯನ್ನು ತೆತ್ತವರು ಸ್ವತಃ ವಿಶ್ವನಾಥ್ ಮತ್ತು ಅವರ ತಂಡ. ಹದಿನಾರನೆಯ ಬಾಸ್ಕೆಟ್‌ನಲ್ಲಿ ಹಿರಿಯರೂ ನಾನೂ ತೋರಿದ ಉದಾರತೆಯ ಬೆಲೆಯನ್ನು ತೆತ್ತವನು ಯುವಕ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ ಎಂಬ ಗಾದೆ ನಮ್ಮ ನಡತೆಗೆ ಸರಿಯಾಗಿ ಒಪ್ಪುತ್ತದೆ. ಜಾತ್ರೆ ಮಾಡಿದ ಪುಣ್ಯವನ್ನು ನಾವಿಬ್ಬರು ಪಡೆದುಕೊಂಡೆವು.

ಎರಡನೆಯ ಅಂಶ ಸೆಕೆಂಡ್ ಎಂಬ ವ್ಯವಸ್ಥೆಯದು. ಒಬ್ಬನ ಹಗೆಯೋ ಭ್ರಮೆಯೋ ಇನ್ನೊಬ್ಬನಿಗೆ ದಂಡವಾಗಬಾರದೆಂಬ ಒಳ್ಳೆಯ ಉದ್ದೇಶದಿಂದ ಎರಡನೆಯ ದನಿಯನ್ನು ನಿಯಮ ಕೇಳುತ್ತದೆ. ಗುಂಪಿನಲ್ಲಿ ಬಹುಮತ ಮೂಡದಿದ್ದಾಗ ಸಂಶಯದ ಲಾಭ ಎಸೆದವರಿಗೆ ಸಿಗಬೇಕೆಂದೂ ಹೇಳುತ್ತದೆ. ಇವೆರಡೂ ಸಂಶಯ ಇರುವ ಸಂದರ್ಭಕ್ಕಾಗಿ ಇರುವ ರಕ್ಷಣೆಗಳು. ನಾಲ್ವರಲ್ಲಿ ಮೂವರು ಹಳೆಯ ಸ್ನೇಹಿತರಾಗಿದ್ದರೆ, ಒಬ್ಬನೇ ಹೊಸಬನಾಗಿದ್ದರೆ, ಅದೇ ರಕ್ಷಣೆ ಬಾಗಿಲಿಗೆ ಹಾಕಿದ ಚಿಲಕವಾಗುತ್ತದೆ. ಹೊಸಬನ ಕಾಲ್ ಎಷ್ಟೇ ನಿಜವಾಗಿದ್ದರೂ ಒಳಗೆ ಬರಲಾರದು. ಹಳಬರ ಕಾಲ್ ಮಾತ್ರ ಸಲೀಸಾಗಿ ಬರುತ್ತದೆ, ಹದಿನೇಳರಲ್ಲಿ ಬಂದ ಹಾಗೆ. ಯಾರೂ ಸಂಚು ಮಾಡಬೇಕಾಗಿಲ್ಲ, ಇಬ್ಬರು ನೆಲ ನೋಡಿದರೆ ಸಾಕು.

ಪರಿಣತಿಗೆ ಇನ್ನೊಂದು ತೂಕವೂ ಇದೆ. ಚೆನ್ನಾಗಿ ಆಡುವವರ ಮಾತನ್ನು ನಾವು ಚೆನ್ನಾಗಿ ನೋಡುವವರ ಮಾತೆಂದೂ ತಿಳಿಯುತ್ತೇವೆ. ಆದರೆ ಪಟ್ ಮಾಡಿದವರೇ ಒಪ್ಪಿಕೊಂಡಂತೆ, ತನ್ನ ಕಾಲಿನ ವಿಷಯದಲ್ಲಿ ಅತ್ಯಂತ ಕಡಿಮೆ ತಿಳಿದಿರುವವನು ಎಸೆಯುವವನು. 2021ರಲ್ಲಿ ಯೂಟಾದ ಆಗ್ಡೆನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ ಕೊನೆಯ ಬಾಸ್ಕೆಟ್‌ನಲ್ಲಿ, ಒಂದು ಎಸೆತ ಹಿಂದಿದ್ದ ಜೇಮ್ಸ್ ಕಾನ್ರಾಡ್ ಸುಮಾರು 75 ಮೀಟರ್ ದೂರದಿಂದ ನೇರ ಬಾಸ್ಕೆಟ್‌ಗೆ ಎಸೆದು ಪಾಲ್ ಮೆಕ್‌ಬೆತ್ ಅವರನ್ನು ಸರಿಗಟ್ಟಿ, ಪ್ಲೇ-ಆಫ್‌ನಲ್ಲಿ ಗೆದ್ದರು. ನಮ್ಮ ಲೀಗಿನಲ್ಲಿ ಆ ವಿಡಿಯೊ ನೋಡದವರಿಲ್ಲ. ಅಂಥ ಕಡೆ ಕ್ಯಾಮರಾಗಳಿವೆ, ಅಧಿಕಾರಿಗಳಿದ್ದಾರೆ, ಸುತ್ತ ಸಾವಿರಾರು ಕಣ್ಣುಗಳಿವೆ. ಶನಿವಾರದ ಕಾರ್ಡಿಗೆ ಇರುವುದು ಎಸೆಯುವವರನ್ನು ಬಿಟ್ಟು ಮೂರು ಜೊತೆ ಕಣ್ಣು. ಅವುಗಳಲ್ಲಿ ಎರಡು ಜೊತೆ ಅತ್ತ ತಿರುಗಿದರೆ ಆ ಕಾರ್ಡಿನಲ್ಲಿ ನಿಯಮವೇ ಇಲ್ಲ.

ಹಿರಿಯರ ಭಯವನ್ನು ಮಾತ್ರ ನಾನು ತಳ್ಳಿಹಾಕಲಾರೆ. ಕಾಲ್‌ನಿಂದ ಸ್ನೇಹ ಮುರಿದದ್ದನ್ನು ಅವರು ಕಣ್ಣಾರೆ ಕಂಡವರು. ಆದರೆ ಅವರ ಕಥೆಯನ್ನು ಮತ್ತೆ ಮತ್ತೆ ಕೇಳಿಸಿಕೊಂಡಾಗ ಒಂದು ವಿಷಯ ಹೊಳೆಯಿತು: ಆ ಹಳೆಯ ಜಗಳದಲ್ಲೂ ಕಾಲ್ ಮಾಡಿದವನು ಒಬ್ಬನೇ, ಉಳಿದವರು ಸುಮ್ಮನಿದ್ದರು. ಇದನ್ನು ಅವರಿಗೆ ಹೇಳಿದಾಗ ಅವರು ಇಲ್ಲವೆನ್ನಲಿಲ್ಲ.

ಕೈಗೊಂಡ ಕ್ರಮಗಳು

ಒಪ್ಪಿ ಸಲ್ಲಿಸಿದ ಕಾರ್ಡಿನ ಅಂಕವನ್ನು ಬದಲಿಸಲಿಲ್ಲ. ತಮ್ಮ ಅಂಕವನ್ನು 55 ಎಂದು ತಿದ್ದಬೇಕೆಂದು ಪರಿಣತರು ನನ್ನನ್ನು ಎರಡು ಸಲ ಕೇಳಿದರು. ಕೂಡಲೇ ಜಾರಿಯಾಗದ ದಂಡವನ್ನು ತಿಂಗಳ ಮೇಲೆ ಬರೆದರೆ ಮುಂದೆ ಯಾವ ಫಲಿತಾಂಶವೂ ನಿಲ್ಲುವುದಿಲ್ಲ ಎಂದು ನಿರಾಕರಿಸಿದೆ. ಆ ನಿರಾಕರಣೆ ಸರಿಯಿತ್ತೇ ಎಂದು ಈಗಲೂ ಯೋಚಿಸುತ್ತೇನೆ. ಅವರು ಒಂದನೆಯ ಅಂಕಿಯ ಬಿಲ್ಲೆಯನ್ನು ಚೀಲಕ್ಕೆ ತೂಗಿಸಿಕೊಳ್ಳದೆ ನನಗೆ ಮರಳಿಸಿದರು.

ವರ್ಷದ ಮೊದಲ ಸಭೆಯಲ್ಲಿ, ಆಟ ಶುರುವಾಗುವ ಮುನ್ನ, ಮೂವತ್ತಕ್ಕೂ ಹೆಚ್ಚು ಜನರ ಎದುರು ನಡೆದುದನ್ನು ಹೇಳಿ, ಕಂಡೂ ಕಾಣಲಿಲ್ಲ ಎಂದವನು ನಾನು ಎಂದು ಹೇಳಿದೆ. ಅನಂತರ ಮೂರು ಪದ್ಧತಿಗಳನ್ನು ತಂದೆವು. ಬಾಸ್ಕೆಟ್‌ಗಳ ಸುತ್ತ ಹತ್ತು ಮೀಟರ್ ವೃತ್ತವನ್ನು ಪುಟ್ಟ ಬಾವುಟಗಳಿಂದ ಗುರುತಿಸಿದೆವು, ದೂರದ ಬಗ್ಗೆ ವಾದವೇ ಬೇಡವೆಂದು. ಒಂದು ಕಾರ್ಡಿನಲ್ಲಿ ಹೊಸಬರು ಇದ್ದರೆ ಕನಿಷ್ಠ ಇಬ್ಬರಿರಬೇಕೆಂದು ಗುಂಪು ಮಾಡುವ ಕ್ರಮವನ್ನು ಬದಲಿಸಿದೆವು. ಮೂರನೆಯದು ಹೆಚ್ಚು ಕಷ್ಟದ್ದು: ವೃತ್ತದ ಒಳಗೆ ಯಾರಾದರೂ ಪಟ್ ಮಾಡುವಾಗ ಒಬ್ಬರು ಕಾಲನ್ನು ನೋಡುವುದಕ್ಕೆಂದೇ ಬದಿಗೆ ನಿಲ್ಲಬೇಕು, ಸರದಿಯ ಮೇಲೆ. ಈ ಕೆಲಸ ಪಾಳಿಯಂತೆ ಎಲ್ಲರಿಗೂ ಬರುವುದರಿಂದ ನೋಡುವವನು ಹಗೆ ಸಾಧಿಸುತ್ತಾನೆಂಬ ಆರೋಪಕ್ಕೆ ಎಡೆ ಕಡಿಮೆ.

ಮೊದಲ ಎರಡು ತಿಂಗಳು ವಾದಗಳಾದವು. ಇಬ್ಬರು ಹಳೆಯ ಆಟಗಾರರು, ಇದು ನ್ಯಾಯಾಲಯವಾಯಿತು, ಆಟ ಉಳಿಯಲಿಲ್ಲ ಎಂದು ಬರುವುದನ್ನೇ ನಿಲ್ಲಿಸಿದರು. ಅವರು ಹೋದದ್ದು ನನಗೆ ನಷ್ಟವೇ. ಏಪ್ರಿಲ್ ಹೊತ್ತಿಗೆ ಕಾಲ್‌ಗಳ ಸಂಖ್ಯೆ ತಾನಾಗಿ ಇಳಿಯಿತು, ಏಕೆಂದರೆ ಎಸೆದ ಮೇಲೆ ಒಂದು ಕ್ಷಣ ನಿಲ್ಲುವುದನ್ನು ಕಾಲುಗಳು ಕಲಿತವು. ಪರಿಣತರು ತಮ್ಮ ಪಟ್ ಶೈಲಿಯನ್ನೇ ಬದಲಿಸಿಕೊಂಡರು: ಈಗ ಇಳಿಜಾರಿನಲ್ಲಿ ಎರಡೂ ಕಾಲನ್ನು ಅಗಲಿಸಿ ಊರಿ ಎಸೆಯುತ್ತಾರೆ. ಹಿರಿಯರು ಮಾತ್ರ ತಮ್ಮಿಂದ ಆಗುವುದಿಲ್ಲವೆಂದು ನೇರವಾಗಿ ಹೇಳಿದರು. ಕಾಲು ನೋಡುವ ಪಾಳಿಯಿಂದ ಅವರನ್ನು ಬಿಟ್ಟಿದ್ದೇವೆ, ಅದರ ಬದಲಿಗೆ ಪೊದೆಗೆ ಬಿದ್ದ ಡಿಸ್ಕ್ ಹುಡುಕುವಾಗ ಅವರ ಕಣ್ಣನ್ನು ಇಡೀ ಲೀಗ್ ಬಳಸಿಕೊಳ್ಳುತ್ತದೆ.

ಯುವಕ ವಸಂತದಲ್ಲಿ ಮರಳಿ ಬಂದ. ಪರಿಣತರು ಅವನ ಮನೆಗೆ ಹೋಗಿ ಕರೆದಿದ್ದರಂತೆ, ಇದನ್ನು ಅವರು ನನಗೆ ಹೇಳಲಿಲ್ಲ, ಅವನು ಹೇಳಿದ. ಈಗ ಅವರಿಬ್ಬರು ಬುಧವಾರ ಸಂಜೆ ಒಟ್ಟಿಗೆ ಅಭ್ಯಾಸ ಮಾಡುತ್ತಾರೆ. ಹೆಸರು ನೋಂದಾಯಿಸುವಾಗ ಅವನು ನನ್ನನ್ನು ಪಕ್ಕಕ್ಕೆ ಕರೆದು ಒಂದು ಕೋರಿಕೆ ಇಟ್ಟ: “ಅಣ್ಣ, ಅವರ ಕಾರ್ಡಿಗೆ ಹಾಕಿ, ನನಗೇನೂ ಇಲ್ಲ. ನಿಮ್ಮ ಕಾರ್ಡಿಗೆ ಮಾತ್ರ ಸದ್ಯಕ್ಕೆ ಬೇಡ.” ಪ್ರತಿ ಶನಿವಾರ ಬೆಳಿಗ್ಗೆ ಕಾರ್ಡುಗಳನ್ನು ಹಂಚುವಾಗ ನಾನು ಹಾಗೆಯೇ ಮಾಡುತ್ತಿದ್ದೇನೆ.